ಟಿ ಅಂದ್ರೆ ಟರ್ಬೋ ಅಲ್ಲ ಸಾರ್

ಅಕ್ಕನ ಮಗಳು ಇಂಜಿನಿಯರಿಂಗ್ ಮೂರನೇ ಸೆಮ್‌ಗೆ ಬಂದಿದ್ದಾಳೆ. ಅವಳ ಲ್ಯಾಪ್‌ಟಾಪ್‌ನಲ್ಲಿ ಒಂದು ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್, ಓಡಿಸಿದರೆ ಸಾಕು, ಏದುಸಿರು ಬಿಡುತ್ತದೆ. "ಮಾಮ, ಮನೇಲಿಡೋಕೆ ಒಂದು ಹಳೇ ಡೆಸ್ಕ್‌ಟಾಪ್ ಕೊಡ್ಸಿ" ಅಂತ ಎರಡು ತಿಂಗಳಿಂದ ಬೆನ್ನು ಬಿದ್ದಿದ್ದಳು. ಒಂದು ಶನಿವಾರ ಇಬ್ಬರೂ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದೆವು.

ಆಫೀಸುಗಳು ಹೊರಗೆ ಹಾಕಿದ ಡೆಸ್ಕ್‌ಟಾಪ್‌ಗಳನ್ನು ಅಲ್ಲಿ ಇಟ್ಟಿಗೆ ಪೇರಿಸಿದ ಹಾಗೆ ಪೇರಿಸಿಟ್ಟಿರುತ್ತಾರೆ. ಮೂರನೇ ಅಂಗಡಿಯವರು ಒಂದು ತೆಳು ಡೆಸ್ಕ್‌ಟಾಪ್ ಎಳೆದು ಮೇಜಿನ ಮೇಲಿಟ್ಟರು. "ಐ5, ಥರ್ಡ್ ಜನರೇಷನ್, 3470. 8 ಜಿಬಿ ರ‍್ಯಾಮ್. 6,500 ಕೊಡಿ." ಕ್ವಾಡ್ ಕೋರ್, ಅಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಭಾಗಗಳು ನಾಲ್ಕು ತಾನೇ ಅಂತ ಕೇಳಿದೆ. ಅವರು ಟಾಸ್ಕ್ ಮ್ಯಾನೇಜರ್ ತೆಗೆದು, ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಒಂದನ್ನು ನಾಲ್ಕಾಗಿ ಒಡೆದು ತೋರಿಸಿದರು. "ನಾಲ್ಕು ಡಬ್ಬಿ ಕಾಣ್ತಿಲ್ವಾ ಸಾರ್? ಎಣಿಸ್ಕೊಳ್ಳಿ."

ಎಣಿಸಿಕೊಂಡೆ. ನಾಲ್ಕಿತ್ತು. ದುಡ್ಡು ಕೊಟ್ಟೆ.

ಆ ಡಬ್ಬಿಗಳ ಕೆಳಗೇ ಸಣ್ಣ ಅಕ್ಷರದಲ್ಲಿ 'ಕೋರ್ಸ್' ಅಂತ ಇನ್ನೊಂದು ಸಾಲು ಇರುತ್ತದೆ. ಮೇಲೆ ಬಲಗಡೆ ಪ್ರೊಸೆಸರ್‌ನ ಪೂರ್ತಿ ಹೆಸರೂ ಇರುತ್ತದೆ. ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಬಿಚ್ಚಿ ಜೋಡಿಸುವ ನಾನು ಅವೆರಡನ್ನೂ ಬಿಟ್ಟು ಅಂಗಡಿಯವರ ಬೆರಳು ಎತ್ತ ಹೋಯಿತೋ ಅತ್ತಲೇ ನೋಡಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಒಂದು ವಾರ ಆದ ಮೇಲೆ ಫೋನ್ ಬಂತು. ಅವಳ ಗೆಳತಿಯ ಮನೆಯಲ್ಲೂ ಇಂಥದ್ದೇ ಐ5-3470 ಇದೆಯಂತೆ. ಕಾಲೇಜ್ ಪ್ರಾಜೆಕ್ಟ್‌ನ ಅದೇ ವಿಡಿಯೊ, ಅದೇ ಸಾಫ್ಟ್‌ವೇರ್. ಗೆಳತಿಯ ಪಿಸಿಯಲ್ಲಿ ಕನ್ವರ್ಟ್ ಆಗೋಕೆ 7 ನಿಮಿಷ, ಇವಳದರಲ್ಲಿ 11. "ರ‍್ಯಾಮ್ ಕಮ್ಮಿ ಇರ್ಬೇಕಾ ಮಾಮ?" ಅಂದಳು. ರ‍್ಯಾಮ್ ಕಮ್ಮಿ ಇದ್ದರೆ ಹೀಗೆ ಹದವಾಗಿ ಒಂದೂವರೆ ಪಟ್ಟು ನಿಧಾನ ಆಗುವುದಿಲ್ಲ. ಡಿಸ್ಕ್ ಕರಕರ ಅಂದು ಇಡೀ ಮಷೀನೇ ನಿಂತು ನಿಂತು ಹೋಗುತ್ತದೆ. ಇಲ್ಲಿ ಎಲ್ಲಾ ನೆಟ್ಟಗೆ ನಡೆಯುತ್ತಿದೆ, ಕೈ ಮಾತ್ರ ಕಮ್ಮಿ ಇದ್ದ ಹಾಗೆ. ನನಗೆ ಆಗಲೇ ಅನುಮಾನ ಬಂತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಕ್ಕನ ಮನೆಗೆ ಹೋದೆ. ಮೊದಲು ಹೊರಗಿನ ಸ್ಟಿಕ್ಕರ್‌ಗಳು. ಮುಂದಿನ ನೀಲಿ ಸ್ಟಿಕ್ಕರ್‌ನಲ್ಲಿ ಕೋರ್ ಐ5 ಅಂತಷ್ಟೇ ಇತ್ತು. ಅದರಿಂದ ಏನೂ ತಿಳಿಯುವುದಿಲ್ಲ. ಐ5 ಅಂದರೆ ಒಂದು ಮನೆತನದ ಹೆಸರು ಅಷ್ಟೇ. ಮೊದಲನೇ ಪೀಳಿಗೆಯಲ್ಲೇ ಐ5-750ಗೆ ನಾಲ್ಕು ಕೋರ್, ಐ5-650ಗೆ ಎರಡು. ಲ್ಯಾಪ್‌ಟಾಪ್‌ಗಳ ಕಥೆಯಂತೂ ಕೇಳಬೇಡಿ. ಐ7-4500ಯು ಅಂತ ದೊಡ್ಡ ಹೆಸರು ಹೊತ್ತ ಚಿಪ್‌ನಲ್ಲಿ ಇರುವುದು ಎರಡೇ ಕೋರ್.

ಹಿಂಭಾಗದಲ್ಲಿ ಸೀರಿಯಲ್ ನಂಬರ್ ಇತ್ತು. ಅದನ್ನು ತಯಾರಿಕಾ ಕಂಪನಿಯ ಸೈಟ್‌ನಲ್ಲಿ ಹಾಕಿದರೆ ಆ ಪೆಟ್ಟಿಗೆ ಕಾರ್ಖಾನೆಯಿಂದ ಹೊರಟಾಗ ಒಳಗೆ ಏನೇನಿತ್ತು ಅಂತ ಪಟ್ಟಿ ಬರುತ್ತದೆ. ಬಂತು. ಪ್ರೊಸೆಸರ್: ಐ5-3470. ಅಂದರೆ ಅಂಗಡಿಯವರು ಹೇಳಿದ್ದು ಸರಿಯೇ ಇತ್ತು, ಹೊರಟ ದಿನದ ಮಟ್ಟಿಗೆ. ಆಮೇಲೆ ಅದನ್ನು ಯಾರು ಬಿಚ್ಚಿದರು, ಏನು ತೆಗೆದರು ಅನ್ನೋದು ಆ ಪಟ್ಟಿಗೆ ಗೊತ್ತಿರುವುದಿಲ್ಲ.

ಈಗ ಮಷೀನ್ ಆನ್ ಮಾಡಿ ವಿಂಡೋಸ್‌ನ ಸಿಸ್ಟಮ್ ಪುಟ ತೆಗೆದೆ. ಇಂಟೆಲ್ ಕೋರ್ ಐ5-3470ಟಿ ಸಿಪಿಯು, 2.90 ಗಿಗಾಹರ್ಟ್ಸ್.

ನಂಬರ್ ಆದ ಮೇಲೆ ಒಂದು 'ಟಿ'. "ಇದು ಏನ್ ಮಾಮ?" ಅಂದಳು. ನಾನು ಉತ್ತರ ಕೊಡಲಿಲ್ಲ. ಈ ಪುಟವನ್ನು ನಂಬಿ ಮುಂದೆ ಹೋಗಬಾರದು ಅನ್ನೋದು ಒಂದು ಕಾರಣ. ವಿಂಡೋಸ್ ಈ ಹೆಸರನ್ನು ರಿಜಿಸ್ಟ್ರಿ ಅನ್ನೋ ತನ್ನ ದಾಖಲೆ ಪಟ್ಟಿಯ ಒಂದು ಜಾಗದಿಂದ ಓದಿ ತೋರಿಸುತ್ತದೆ. ಪ್ರತಿ ಸಲ ಆನ್ ಆದಾಗ ಆ ಜಾಗವನ್ನು ಹೊಸದಾಗಿ ತುಂಬುತ್ತದೆ ನಿಜ. ಆದರೆ ಆನ್ ಆದ ಮೇಲೆ ಒಂದು ಪುಟ್ಟ ಸ್ಕ್ರಿಪ್ಟ್ ಹೋಗಿ ಅಲ್ಲಿ ಐ9 ಅಂತ ಬರೆದರೆ ಸಿಸ್ಟಮ್ ಪುಟ ಐ9 ಅಂತಲೇ ತೋರಿಸುತ್ತದೆ. ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಇದು ಹಳೇ ಕೈಚಳಕ. ಇಲ್ಲಿ ಯಾರೂ ಅದನ್ನು ಮಾಡಿದ್ದಿಲ್ಲ, ಪಾಪ, ಮಾಡಿದ್ದರೆ ಟಿ ಅಕ್ಷರವನ್ನು ಉಳಿಸುತ್ತಿದ್ದರಾ? ಆದರೂ ಮಷೀನ್‌ನಲ್ಲೇ ಹಾಕಿ ಕೊಟ್ಟ ವಿಂಡೋಸ್‌ನ ಮಾತನ್ನೇ ಸಾಕ್ಷಿ ಅಂದುಕೊಳ್ಳುವುದು ನನಗೆ ಒಗ್ಗುವುದಿಲ್ಲ.

ಹಾಗಾಗಿ ವಿಂಡೋಸ್ ಬದಲು ಓಡುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಇರುವ ನನ್ನ ಉಬುಂಟು ಪೆನ್‌ಡ್ರೈವ್ ಹಾಕಿದೆ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ಟರ್ಮಿನಲ್ ತೆಗೆದು 'ಎಲ್‌ಎಸ್‌ಸಿಪಿಯು' ಅಂತ ಟೈಪ್ ಮಾಡಿದರೆ ಸಾಕು. ಆ ಕಮಾಂಡ್ ಕೊಡುವ ಹೆಸರು ಚಿಪ್ ಬಾಯಿಂದಲೇ ಬಂದದ್ದು. ಪ್ರೊಸೆಸರ್‌ಗೆ 'ಸಿಪಿಯುಐಡಿ' ಅನ್ನೋ ಒಂದು ಆಜ್ಞೆ ಗೊತ್ತಿದೆ. 1993ರಲ್ಲಿ ಪೆಂಟಿಯಂ ಜೊತೆ ಬಂದದ್ದು. "ನೀನು ಯಾರು?" ಅಂತ ಕೇಳಿದ ಹಾಗೆ. ಮೊದಮೊದಲು ಅದು ಫ್ಯಾಮಿಲಿ, ಮಾಡೆಲ್, ಸ್ಟೆಪ್ಪಿಂಗ್ (ಎಷ್ಟನೇ ತಿದ್ದುಪಡಿ) ಅಂತ ಬರೀ ಅಂಕಿಗಳನ್ನು ಹೇಳುತ್ತಿತ್ತು, ಅವುಗಳಿಂದ ಹೆಸರನ್ನು ಸಾಫ್ಟ್‌ವೇರೇ ಊಹಿಸಬೇಕಿತ್ತು. ಇಂಟೆಲ್‌ನಲ್ಲಿ ಪೆಂಟಿಯಂ 4ರಿಂದ ಈಚೆಗೆ ಚಿಪ್ಪೇ ತನ್ನ ಹೆಸರನ್ನು 48 ಬೈಟ್‌ಗಳಲ್ಲಿ ಹೇಳುತ್ತದೆ. ಒಂದೇ ಸಲಕ್ಕೆ ಅಲ್ಲ, ಮೂರು ಸಲ ಕೇಳಬೇಕು, ಒಂದೊಂದು ಸಲಕ್ಕೆ 16 ಬೈಟ್. ಎಎಂಡಿಯಲ್ಲಿ ಸ್ವಲ್ಪ ಬೇರೆ. ಅಲ್ಲಿ ಈ ಹೆಸರನ್ನು ತುಂಬುವುದು ಬೋರ್ಡ್ ಮೇಲೆ ಕೂತು ಮಷೀನನ್ನು ಎಬ್ಬಿಸುವ ಸಾಫ್ಟ್‌ವೇರ್ ಆದ ಬಯೋಸ್‌ನ ಕೆಲಸ. ಅದಕ್ಕೇ ಹಳೇ ಬಯೋಸ್ ಇರುವ ಬೋರ್ಡ್‌ಗೆ ಹೊಸ ಎಎಂಡಿ ಚಿಪ್ ಹಾಕಿದಾಗ ಕೆಲವೊಮ್ಮೆ 'ಅನ್‌ನೋನ್' ಅಂತ ಬರುವುದು.

ಪರದೆ ಮೇಲೆ ಬಂದದ್ದನ್ನು ಅವಳ ಕೈಯಲ್ಲೇ ಓದಿಸಿದೆ. ಸಿಪಿಯುಗಳು 4. ಒಂದು ಕೋರ್‌ಗೆ ಥ್ರೆಡ್ 2. ಒಂದು ಸಾಕೆಟ್‌ಗೆ, ಅಂದರೆ ಚಿಪ್ ಕೂರುವ ಒಂದು ಜಾಗಕ್ಕೆ, ಕೋರ್ 2. ಫ್ಯಾಮಿಲಿ 6, ಮಾಡೆಲ್ 58, ಸ್ಟೆಪ್ಪಿಂಗ್ 9. ಎಲ್3 ಕ್ಯಾಶ್, ಅಂದರೆ ಚಿಪ್ ಒಳಗಿನ ಪುಟ್ಟ ವೇಗದ ಮೆಮೊರಿ, 3 ಎಂಬಿ. ಹೆಸರು, ಮತ್ತೆ ಅದೇ 3470ಟಿ.

"ಹಂಗಾದ್ರೆ ನಾಲ್ಕು ಡಬ್ಬಿ?"

ಒಬ್ಬ ಅಡುಗೆ ಭಟ್ಟರಿಗೆ ಎರಡು ಒಲೆ ಕೊಟ್ಟ ಹಾಗೆ ಅಂದೆ. ಒಂದರಲ್ಲಿ ಬೇಳೆ ಬೇಯುವಾಗ ಸುಮ್ನೆ ಕೂರುವ ಬದಲು ಇನ್ನೊಂದರಲ್ಲಿ ಒಗ್ಗರಣೆ ಹಾಕಬಹುದು. ಒಟ್ಟು ಕೆಲಸ ಸ್ವಲ್ಪ ಜಾಸ್ತಿ ಆಗುತ್ತದೆ. ಹಾಗಂತ ಇಬ್ಬರು ಭಟ್ಟರಿದ್ದ ಹಾಗೆ ಆಗಲಿಲ್ಲ, ಅಲ್ವಾ? ಹೈಪರ್ ಥ್ರೆಡಿಂಗ್ ಅಂದರೆ ಇದೇ: ಭಟ್ಟರು ಕೋರ್, ಒಲೆ ಥ್ರೆಡ್. ಟಾಸ್ಕ್ ಮ್ಯಾನೇಜರ್‌ನ ಡಬ್ಬಿಗಳು ಎಣಿಸೋದು ಒಲೆಗಳನ್ನು. ಭಟ್ಟರನ್ನಲ್ಲ.

ಇಲ್ಲಿ ಸ್ವಲ್ಪ ನಿಂತು ಈ ಒಂದು ಅಕ್ಷರದ ವಿಷಯ ಹೇಳಬೇಕು. 3470 ಅನ್ನೋ ನಂಬರ್‌ನಲ್ಲಿ ಮೂರು ಡೆಸ್ಕ್‌ಟಾಪ್ ಚಿಪ್‌ಗಳಿವೆ. ಅಕ್ಷರ ಇಲ್ಲದ 3470ಗೆ ನಾಲ್ಕು ಕೋರ್, 3.2 ಗಿಗಾಹರ್ಟ್ಸ್, 6 ಎಂಬಿ ಕ್ಯಾಶ್, 77 ವ್ಯಾಟ್. 3470ಎಸ್‌ಗೂ ನಾಲ್ಕು ಕೋರ್, 6 ಎಂಬಿ, ಆದರೆ 2.9 ಗಿಗಾಹರ್ಟ್ಸ್, 65 ವ್ಯಾಟ್. 3470ಟಿಗೆ ಎರಡೇ ಕೋರ್, ನಾಲ್ಕು ಥ್ರೆಡ್, 3 ಎಂಬಿ, 35 ವ್ಯಾಟ್. ವೇಗ ಮಾತ್ರ ಇದಕ್ಕೂ 2.9. ಮೂರಕ್ಕೂ ಟರ್ಬೋ ವೇಗ, ಅಂದರೆ ಬೇಕಾದಾಗ ಸ್ವಲ್ಪ ಹೊತ್ತು ಏರುವ ವೇಗ, 3.6. ಅಂದರೆ ಬರೀ ಗಿಗಾಹರ್ಟ್ಸ್ ನೋಡಿದರೆ ಎಸ್‌ಗೂ ಟಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಫ್ಯಾಮಿಲಿ, ಮಾಡೆಲ್, ಸ್ಟೆಪ್ಪಿಂಗ್ ಅಂಕಿಗಳೂ ಇಲ್ಲಿ ಕೈಕೊಡುತ್ತವೆ. ಮೂರನೇ ಪೀಳಿಗೆಯ ಡೆಸ್ಕ್‌ಟಾಪ್ ಐ3-3220ರಿಂದ ಐ7-3770ರವರೆಗೆ ಎಲ್ಲಾ 6, 58, 9. ಊರಿನ ಹೆಸರು ಒಂದೇ, ಮನೆ ನಂಬರ್ ಇಲ್ಲ.

ಮಾಮೂಲಾಗಿ ಟಿ ಅಂದರೆ ಕಮ್ಮಿ ಕರೆಂಟ್, ಕಮ್ಮಿ ಶಾಖ, ಕಮ್ಮಿ ವೇಗ ಅಂತ ಅರ್ಥ. ಆದರೆ ಕೋರ್‌ಗಳ ಲೆಕ್ಕ ಬದಲಾಗಬೇಕು ಅಂತೇನಿಲ್ಲ. ಐ5-3570ಟಿಗೆ ನಾಲ್ಕೂ ಕೋರ್ ಇವೆ. ಪಕ್ಕದ 3470ಟಿಯಲ್ಲಿ ಅರ್ಧ. ಟರ್ಬೋ ಇರುವ ಐ3, ಅಂದರೆ ಐ5ಗಿಂತ ಕೆಳಗಿನ ಎರಡು ಕೋರಿನ ಮನೆತನದ್ದು, ಅಂದರೂ ತಪ್ಪಾಗಲಾರದು. ಇಂಥ ಹೆಸರು ಇಡುವುದು ಕೊಳ್ಳುವವರಿಗೆ ಮಾಡುವ ಉಪಕಾರ ಅಲ್ಲ ಅಂತ ನನ್ನ ಅಭಿಪ್ರಾಯ. ಅದರ ಹಿಂದಿನ ಪೀಳಿಗೆಯಲ್ಲೂ ಐ5-2390ಟಿ ಅಂತ ಇಂಥದ್ದೇ ಎರಡು ಕೋರಿನ ಒಂದಿತ್ತು.

ಚಿಪ್ ಮೇಲೆ ಕೆತ್ತಿದ್ದನ್ನು ಕಣ್ಣಾರೆ ನೋಡದೆ ಅಂಗಡಿಗೆ ಫೋನ್ ಮಾಡುವ ಹಾಗಿಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಎರಡು ಸಲ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಮುಚ್ಚಳ ತೆಗೆದೆ. ಚಿಪ್‌ನ ಶಾಖ ಎಳೆಯುವ ಹೀಟ್‌ಸಿಂಕ್‌ಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ. ಒಂದನ್ನೇ ಪೂರ್ತಿ ಬಿಚ್ಚಬಾರದು. ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲ ಮಾಡುತ್ತಾ ಹೋಗಬೇಕು. ಕೊನೆಗೆ ನೇರ ಮೇಲಕ್ಕೆ ಕೀಳದೆ ಆಚೆ ಈಚೆ ತಿರುಗಿಸಿದರೆ ಎರಡರ ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟ್ ಬಿಟ್ಟುಕೊಳ್ಳುತ್ತದೆ. ಇಂಟೆಲ್‌ನ ಈ ಸಾಕೆಟ್‌ನಲ್ಲಿ ಚಿಪ್ ಮೇಲೆ ಒಂದು ಲೋಹದ ಚೌಕಟ್ಟು ಬಿಗಿಯಾಗಿ ಕೂತಿರುತ್ತದೆ, ಅಷ್ಟು ಭಯ ಇಲ್ಲ. ಹಳೇ ಎಎಂಡಿ ಆದರೆ ಹುಷಾರು, ಒಣಗಿದ ಪೇಸ್ಟ್ ಸಮೇತ ಚಿಪ್ಪೇ ಪಿನ್‌ಗಳೊಂದಿಗೆ ಕಿತ್ತು ಬರುತ್ತದೆ. ಅದಕ್ಕೆ ಹತ್ತು ನಿಮಿಷ ಮಷೀನ್ ಓಡಿಸಿ ಬಿಸಿ ಮಾಡಿ ಆಮೇಲೆ ತಿರುಗಿಸುವುದು.

ಪೇಸ್ಟ್ ನೋಡಿದ ತಕ್ಷಣ ಅರ್ಧ ಕಥೆ ತಿಳಿಯಿತು. ಹತ್ತು ವರ್ಷ ಹಳೆಯ ಆಫೀಸ್ ಮಷೀನ್‌ನಲ್ಲಿ ಪೇಸ್ಟ್ ಬೂದು ಬಣ್ಣಕ್ಕೆ ತಿರುಗಿ, ಒಣಗಿದ ಸುಣ್ಣದ ಹಾಗೆ ಪುಡಿಪುಡಿ ಉದುರಬೇಕು. ಇಲ್ಲಿ ಬೆಳ್ಳಗೆ, ಹಸಿಹಸಿ, ಟೂತ್‌ಪೇಸ್ಟ್ ಮೆತ್ತಿದ ಹಾಗಿತ್ತು. ಅಂಚು ದಾಟಿ ಚೌಕಟ್ಟಿನ ಮೇಲೂ ಹರಿದಿತ್ತು. ಯಾರೋ ಇತ್ತೀಚೆಗೆ, ಅವಸರದಲ್ಲಿ, ಇದನ್ನು ಬಿಚ್ಚಿದ್ದಾರೆ.

ಮೆಡಿಕಲ್ ಶಾಪ್‌ನಿಂದ ತಂದ ಸರ್ಜಿಕಲ್ ಸ್ಪಿರಿಟ್, ಭಾವನ ಹಳೇ ಬನಿಯನ್ ಚೂರು. ಹತ್ತಿ ಬೇಡ, ಎಳೆ ಬಿಡುತ್ತದೆ. ಮೂರು ಸಲ ಒರೆಸಿದ ಮೇಲೆ ಲೋಹದ ಮುಚ್ಚಳ ಹೊಳೆಯಿತು. ಅಕ್ಷರಗಳನ್ನು ಲೇಸರ್‌ನಲ್ಲಿ ತೆಳ್ಳಗೆ ಕೆತ್ತಿರುತ್ತಾರೆ. ಮೇಲಿಂದ ಟಾರ್ಚ್ ಬಿಟ್ಟರೆ ಬರೀ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಏನೂ ಕಾಣುವುದಿಲ್ಲ. ಅವಳಿಗೆ ಮೊಬೈಲ್ ಟಾರ್ಚನ್ನು ಬೋರ್ಡ್‌ಗೆ ಸಮವಾಗಿ, ಪಕ್ಕದಿಂದ ಹಿಡಿಯಲು ಹೇಳಿದೆ. ಆಗ ಸಾಲುಗಳು ಎದ್ದು ಬಂದವು. ಐ5-3470ಟಿ. ಅದರ ಕೆಳಗೆ ಎಸ್‌ಆರ್0ಆರ್‌ಜೆ, 2.90. ಆಮೇಲೆ 'ಮಲಯ್', ಅಂದರೆ ಮಲೇಷ್ಯಾ. ಕೊನೆಯಲ್ಲಿ ಎಲ್317 ಅಂತ ಶುರುವಾಗುವ ಬ್ಯಾಚ್ ನಂಬರ್. ಎಲ್ ಮಲೇಷ್ಯಾದ ಕಾರ್ಖಾನೆ, 3 ಅಂದರೆ 2013, 17 ಅಂದರೆ ಆ ವರ್ಷದ 17ನೇ ವಾರ.

ಇಲ್ಲಿ ಬೆಲೆಬಾಳುವುದು ಎಸ್‌ಆರ್ ಅಂತ ಶುರುವಾಗುವ ಐದಕ್ಷರದ ಗುರುತು. ಇದಕ್ಕೆ ಎಸ್-ಸ್ಪೆಕ್ ಅನ್ನುತ್ತಾರೆ. ಮಾಡೆಲ್ ಹೆಸರು ಅಳಿಸಿಹೋಗಿ ಇದೊಂದು ಉಳಿದಿದ್ದರೂ ಸಾಕು, ಹುಡುಕಿದರೆ ಯಾವ ಚಿಪ್, ಯಾವ ಸ್ಟೆಪ್ಪಿಂಗ್ ಎಲ್ಲಾ ಸಿಗುತ್ತದೆ. ಫೋಟೊ ಹೊಡೆದಿಟ್ಟುಕೊಂಡು ಅಂಗಡಿಗೆ ಫೋನ್ ಮಾಡಿದೆ.

"ಸಾರ್, ಟಿ ಅಂದ್ರೆ ಟರ್ಬೋ. ನಿಮ್ಗೆ ಒಳ್ಳೇದೇ ಸಿಕ್ಕಿದೆ. ಜಾಸ್ತಿ ಸ್ಪೀಡು."

"ಎರಡೇ ಕೋರ್ ಇದೆಯಲ್ಲ ಇದರಲ್ಲಿ."

"ನಾಲ್ಕು ಡಬ್ಬಿ ತೋರಿಸ್ಲಿಲ್ವಾ ಸಾರ್ ನಾನು?"

ಬಿಲ್‌ನಲ್ಲಿ 'ಐ5 ಥರ್ಡ್ ಜನರೇಷನ್' ಅಂತಷ್ಟೇ ಬರೆದಿದ್ದರು. ಅದು ಸುಳ್ಳಲ್ಲ. ಜಗಳ ಮಾಡಿ ಪ್ರಯೋಜನ ಇಲ್ಲ ಅನಿಸಿತು. ಬೇಕೆಂದೇ ಮಾಡಿದರೋ, ರಿಪೇರಿ ಹುಡುಗ ಕೈಗೆ ಸಿಕ್ಕ ಚಿಪ್ ಹಾಕಿದನೋ, ಅಂಗಡಿಯವರಿಗೇ ಗೊತ್ತಿತ್ತೋ ಇಲ್ಲವೋ. ಟಿ ಚಿಪ್‌ಗಳು ಸಾಮಾನ್ಯವಾಗಿ ಪುಸ್ತಕದ ಗಾತ್ರದ ಪುಟಾಣಿ ಪಿಸಿಗಳಲ್ಲಿ ಇರುತ್ತವೆ. ಎಲ್ಲಾ ಒಂದೇ ಎಲ್‌ಜಿಎ1155 ಸಾಕೆಟ್, ಹಾಗಾಗಿ ಇದರೊಳಗೂ ಸಲೀಸಾಗಿ ಕೂರುತ್ತದೆ, ಬೂಟ್ ಆಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಮುಂದಿನ ಶನಿವಾರ ಮತ್ತೆ ಎಸ್‌ಪಿ ರೋಡ್. ಬೇರೆ ಅಂಗಡಿ. ಅಲ್ಲಿನ ಹುಡುಗ ಪ್ಲಾಸ್ಟಿಕ್ ಟ್ರೇ ಒಂದನ್ನು ಮುಂದಿಟ್ಟ, ಹತ್ತಿಪ್ಪತ್ತು ಚಿಪ್‌ಗಳು ಸಾಲಾಗಿ ಮಲಗಿದ್ದವು. 3470 ಬೇಕು ಅಂದೆ. ಮೊದಲು ಎತ್ತಿಕೊಟ್ಟದ್ದರ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟೆವು. ಎಸ್‌ಆರ್0ಟಿಎ. ಅದು 3470ಎಸ್. "ಎರಡೂ ಒಂದೇ ಅಣ್ಣ" ಅಂದ. ಒಂದೇ ಅಲ್ಲ, ಆದರೂ ಅದು ನಿಜವಾದ ಕ್ವಾಡ್ ಕೋರ್. ಬೇರೆ ಇಲ್ಲದಿದ್ದರೆ ತೆಗೆದುಕೊಳ್ಳುತ್ತಿದ್ದೆ. ಮೂರನೆಯದರಲ್ಲಿ ಎಸ್‌ಆರ್0ಟಿ8 ಸಿಕ್ಕಿತು. ಅದೇ ಅಕ್ಷರ ಇಲ್ಲದ 3470. ಅಡಿಭಾಗ ತಿರುಗಿಸಿ ನೋಡಿದೆ. 1155 ಚಿನ್ನದ ಬಣ್ಣದ ಚುಕ್ಕೆಗಳು, ಗೀರಿಲ್ಲ, ನಡುವೆ ಇರುವ ಪುಟ್ಟ ಕೆಪಾಸಿಟರ್‌ಗಳು ಯಾವುದೂ ಉದುರಿಲ್ಲ. 1,400 ಕೊಟ್ಟು, ಈ ಸಲ ಬಿಲ್‌ನಲ್ಲಿ ಎಸ್-ಸ್ಪೆಕ್ ಬರೆಸಿಕೊಂಡೆ. ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ.

ಜೋಡಿಸುವ ಕೆಲಸವನ್ನು ಅವಳೇ ಮಾಡಲಿ ಅಂತ ಬಿಟ್ಟೆ. ಸಾಕೆಟ್‌ನ ಸನ್ನೆ ಎತ್ತಿ, ಚೌಕಟ್ಟು ತೆರೆದು, ಹಳೇ ಚಿಪ್ಪನ್ನು ಅಂಚು ಹಿಡಿದು ಮೇಲೆತ್ತಿದಳು. ಪಿನ್‌ಗಳು ಇರೋದು ಬೋರ್ಡ್‌ನಲ್ಲಿ, ಕೂದಲೆಳೆಯಷ್ಟು ತೆಳ್ಳಗೆ. ಅದರ ಮೇಲೆ ಬೆರಳೂ ಬೀಳಬಾರದು, ಪೇಸ್ಟೂ ಬೀಳಬಾರದು. ಹೊಸ ಚಿಪ್‌ನ ಮೂಲೆಯ ತ್ರಿಕೋನ, ಪಕ್ಕದ ಎರಡು ಕಚ್ಚುಗಳು ಸರಿಹೊಂದಿದ ಮೇಲೆ ಅದು ತಾನಾಗೇ ಕೂತಿತು. ಸನ್ನೆ ಒತ್ತುವಾಗ 'ಕಿರ್ರ್' ಅಂತ ಸದ್ದು ಬರುತ್ತದೆ. ಅವಳು ಕೈ ತೆಗೆದುಬಿಟ್ಟಳು. "ಮುರಿದೋಯ್ತಾ?" ಇಲ್ಲ, ಅದು ಹಾಗೇ ಸದ್ದು ಮಾಡೋದು, ಒತ್ತು ಅಂದೆ. ಸುಳ್ಳು ಹೇಳಲ್ಲ, ಪ್ರತಿ ಸಲವೂ ಆ ಸದ್ದಿಗೆ ನನ್ನ ಎದೆಯೂ ಒಂದು ಸಲ ಜಗ್ ಅನ್ನುತ್ತದೆ. ನಡುವೆ ಒಂದು ತೊಗರಿಬೇಳೆಯಷ್ಟು ಪೇಸ್ಟ್, ಹೀಟ್‌ಸಿಂಕ್, ನಾಲ್ಕು ಸ್ಕ್ರೂ, ಮತ್ತೆ ಮೂಲೆಯಿಂದ ಮೂಲೆಗೆ.

ಆನ್ ಮಾಡಿದೆವು. ಫ್ಯಾನ್ ತಿರುಗಿತು. ಪರದೆ ಕಪ್ಪು.

ಆಫ್ ಮಾಡಿ ಮತ್ತೆ ಆನ್. ಕಪ್ಪು. ರ‍್ಯಾಮ್ ತೆಗೆದು ಹಾಕಿದೆ. ಕಪ್ಪು. ಅಕ್ಕ ಕಾಫಿ ತಂದಿಟ್ಟು "ಇದ್ದದ್ದೇ ಚೆನ್ನಾಗಿತ್ತಲ್ಲೋ" ಅಂದಳು. ಚಿಪ್ಪೇ ಕೆಟ್ಟದ್ದಾ, ಪಿನ್ ಬಾಗಿತಾ ಅಂತ ಮತ್ತೆ ಎಲ್ಲಾ ಬಿಚ್ಚಲು ಹೊರಟವನು, ಕೈ ಆಡಿಸೋಕೆ ಜಾಗ ಬೇಕು ಅಂತ ನಾನೇ ಕಿತ್ತು ಪಕ್ಕಕ್ಕೆ ಸರಿಸಿದ್ದ ನಾಲ್ಕು ಪಿನ್ನಿನ 12 ವೋಲ್ಟ್ ವೈರ್ ನೋಡಿದೆ. ಪ್ರೊಸೆಸರ್‌ಗೆ ಕರೆಂಟ್ ಹೋಗೋದೇ ಅದರಿಂದ. ಬೋರ್ಡ್‌ಗೆ ಬೇರೆ ವೈರ್‌ನಿಂದ ಕರೆಂಟ್ ಬರುವುದರಿಂದ ಫ್ಯಾನ್ ತಿರುಗುತ್ತದೆ, ಚಿಪ್ ಮಾತ್ರ ಉಪವಾಸ. ಯಾರಿಗೂ ಏನೂ ಹೇಳದೆ ಸಿಕ್ಕಿಸಿದೆ. "ಏನ್ ಮಾಡಿದ್ರಿ ಮಾಮ?" ಅಂದಳು. ನೋಡಿಬಿಟ್ಟಿದ್ದಳು.

ಬಯೋಸ್‌ನಲ್ಲಿ ಐ5-3470, 3.20 ಅಂತ ಬಂತು. ಪೆನ್‌ಡ್ರೈವ್ ಹಾಕಿ ಅದೇ ಕಮಾಂಡ್ ಅವಳೇ ಟೈಪ್ ಮಾಡಿದಳು. ಒಂದು ಕೋರ್‌ಗೆ ಥ್ರೆಡ್ 1. ಒಂದು ಸಾಕೆಟ್‌ಗೆ ಕೋರ್ 4. ಎಲ್3 ಕ್ಯಾಶ್ 6 ಎಂಬಿ. ಮೇಲಿನ ಸಾಲಿನಲ್ಲಿ ಸಿಪಿಯುಗಳು ಈಗಲೂ 4 ಅಂತಲೇ ಇತ್ತು. ಅಂಗಡಿಯವರ ನಾಲ್ಕು ಡಬ್ಬಿಗಳಲ್ಲಿ ಒಂದೂ ಹೆಚ್ಚಾಗಲಿಲ್ಲ, ಕಮ್ಮಿಯೂ ಆಗಲಿಲ್ಲ. ವಿಂಡೋಸ್‌ಗೆ ಹೋಗಿ ಆ ವಿಡಿಯೊ ಕನ್ವರ್ಟ್ ಮಾಡಿದಾಗ 7 ನಿಮಿಷಕ್ಕೆ ಹತ್ತು ಸೆಕೆಂಡ್ ಕಮ್ಮಿ.

ಹಳೇ ಚಿಪ್ಪನ್ನು ಎಸೆಯಲಿಲ್ಲ. 35 ವ್ಯಾಟ್‌ನ ಚಿಪ್ ಹಗಲೂ ರಾತ್ರಿ ಓಡುವ ಮನೆ ಸರ್ವರ್‌ಗೆ ಹೇಳಿ ಮಾಡಿಸಿದ ಹಾಗಿದೆ, ಬೋರ್ಡ್ ಒಂದು ಸಿಗಬೇಕಷ್ಟೇ. ಫೋಮ್‌ನಲ್ಲಿ ಸುತ್ತಿ ಹಳೇ ಮೊಬೈಲ್ ಡಬ್ಬಿಯಲ್ಲಿಟ್ಟು, ಮೇಲೆ ಹೆಸರು ಬರಿ ಅಂತ ಅವಳಿಗೆ ಮಾರ್ಕರ್ ಕೊಟ್ಟೆ. ಮನೆಗೆ ಬಂದು ಬ್ಯಾಗ್‌ನಿಂದ ತೆಗೆದು ನೋಡಿದರೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ಟರ್ಬೋ.